ಹೊಸ ಹುಡುಕು ಸಾಧನ ಬಂದಿದೆ, ಹಳೆಯ ಕ್ಯಾಟಲಾಗನ್ನು ಯಾವಾಗ ಮುಚ್ಚುವುದು?

ಮೂರನೇ ಮಹಡಿ (ಪ್ರಶ್ನೆ)

ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ಸೂಚೀಕರಣ ವಿಭಾಗದಲ್ಲಿದ್ದೇನೆ. ಪುಸ್ತಕ ಕಪಾಟಿಗೆ ಹೋಗುವ ಮುಂಚೆ ಅದರ ಹೆಸರು, ಕರ್ತೃ, ವಿಷಯ, ಕಪಾಟಿನಲ್ಲಿ ಅದರ ಜಾಗ ಹೇಳುವ ಕಾಲ್ ನಂಬರ್ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸುವ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಇದೇ. ಓದುಗರಲ್ಲಿ ಹೆಚ್ಚಿನವರು ನನ್ನ ಮುಖ ನೋಡಿಲ್ಲ. ನಾನು ಬರೆದ ದಾಖಲೆಗಳನ್ನು ನೋಡಿದ್ದಾರೆ, ಅಷ್ಟೇ.

ನಮ್ಮಲ್ಲಿ ಈಗ ಹೊಸದೊಂದು ಹುಡುಕು ಸಾಧನ ಬಂದಿದೆ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಚರ್ಚೆಯೆಲ್ಲ ಆ ಹೆಸರಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಒಂದೇ ಪೆಟ್ಟಿಗೆ. ಅದರಲ್ಲಿ ಏನು ಬರೆದರೂ ಪುಸ್ತಕ, ಲೇಖನ, ಪ್ರಬಂಧ, ಇ-ಪುಸ್ತಕ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಎಡಬದಿಯಲ್ಲಿ ಫ್ಯಾಸೆಟ್ ಎನ್ನುವ ಸೋಸುಪಟ್ಟಿ: ಭಾಷೆ, ವರ್ಷ, ಶಾಖೆ, ಬಗೆ. ನೋಡಲು ಚೆನ್ನಾಗಿದೆ, ಮೊಬೈಲ್‌ನಲ್ಲೂ ಸರಿಯಾಗಿ ತೆರೆದುಕೊಳ್ಳುತ್ತದೆ. ನಮ್ಮ ಹಳೆಯ ಓಪ್ಯಾಕನ್ನು, ಅಂದರೆ ಓದುಗರು ಹುಡುಕುವ ಕಂಪ್ಯೂಟರ್ ಕ್ಯಾಟಲಾಗನ್ನು, ಮೊಬೈಲ್‌ನಲ್ಲಿ ತೆರೆದರೆ ಭೂತಗನ್ನಡಿ ಬೇಕು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಹೊಸದನ್ನು ಕಂಡರಾಗದ ಹಳೇ ತಲೆ ಎಂದು ನೀವು ತೀರ್ಮಾನಿಸುತ್ತೀರಿ. ನಮ್ಮ ಸಮಿತಿಯಲ್ಲಿ ಆಗಲೇ ತೀರ್ಮಾನಿಸಿ ಆಗಿದೆ.

ಮೂರು ವಾರಗಳಿಂದ ಹಳೆಯದು, ಹೊಸದು ಎರಡೂ ಒಟ್ಟಿಗೆ ನಡೆಯುತ್ತಿವೆ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ದಿನವೇ ಹಳೆಯದನ್ನು ಮುಚ್ಚಬೇಕು ಎನ್ನುವುದು ಸಮಿತಿಯ ಇಚ್ಛೆ. ನನಗೆ ಅಳುಕು. ಏಕೆಂದು ಎರಡು ಪ್ರಸಂಗ ಹೇಳುತ್ತೇನೆ.

ಮೊನ್ನೆ ಮಧ್ಯಾಹ್ನ ಎಂ.ಎ. ಓದುವ ಹುಡುಗಿಯೊಬ್ಬಳು ಕೆಳಗಿನ ಟರ್ಮಿನಲ್ ಎದುರು ನಿಂತಿದ್ದಳು. ಅವಳಿಗೆ ಬೇಕಾದ ಪುಸ್ತಕದ ಹೆಸರಿನಲ್ಲಿ ಎರಡೇ ಪದ, ಎರಡೂ ಸಾಮಾನ್ಯ ಇಂಗ್ಲಿಷ್ ಪದಗಳು. ಹೆಸರನ್ನು ಅಕ್ಷರ ತಪ್ಪದೆ ಬರೆದಳು. ಬಂದದ್ದು ಲೇಖನಗಳ ಜಾತ್ರೆ. ಮೊದಲ ಪುಟ ಲೇಖನ, ಎರಡನೆಯ ಪುಟ ಲೇಖನ, ಮೂರನೆಯದರಲ್ಲಿ ಯಾವುದೋ ಸಮ್ಮೇಳನದ ವರದಿ. ನಾಲ್ಕನೆಯ ಪುಟಕ್ಕೆ ಹೋಗುವ ಮುಂಚೆ ಅವಳು, "ಇಲ್ಲ ಅನಿಸುತ್ತದೆ ಮೇಡಂ" ಎಂದು ಚೀಲ ಹೆಗಲಿಗೇರಿಸಿದಳು. ಆ ಪುಸ್ತಕದ ಎರಡು ಪ್ರತಿಗಳು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು. ಹಳೆಯ ಓಪ್ಯಾಕ್‌ನಲ್ಲಿ ಅದೇ ಎರಡು ಪದ ಹಾಕಿದರೆ ಅದೇ ಮೊದಲ ಸಾಲಿನಲ್ಲಿ ಬರುತ್ತದೆ.

ಎರಡನೆಯದು ನನಗೇ ಮುಜುಗರ ತಂದದ್ದು. ಹೊಸ ಸಾಧನದ ಭಾಷಾ ಪಟ್ಟಿಯಲ್ಲಿ ಕನ್ನಡದ ಮುಂದೆ ಇದ್ದ ಅಂಕಿ ನೋಡಿ ಎದೆ ಧಸಕ್ಕೆಂದಿತು. ನಮ್ಮಲ್ಲಿ ಇರುವ ಕನ್ನಡ ಪುಸ್ತಕಗಳ ಮೂರರಲ್ಲೊಂದು ಪಾಲೂ ಅಲ್ಲ. ಉಳಿದವು ಎಲ್ಲಿ ಹೋದವು? ಹುಡುಕಿದರೆ ಎಲ್ಲವೂ "ಇಂಗ್ಲಿಷ್" ಎಂಬ ಪಟ್ಟಿಯೊಳಗೆ ಕುಳಿತಿವೆ. ಗ್ರಂಥಾಲಯಗಳು ಪುಸ್ತಕದ ವಿವರ ತುಂಬಲು ಬಳಸುವ ಮಾರ್ಕ್ ಎಂಬ ನಮೂನೆಯ ದಾಖಲೆಯಲ್ಲಿ 008 ಎಂಬ ಕ್ಷೇತ್ರವಿದೆ, ನಲವತ್ತು ಅಕ್ಷರಗಳ ಸ್ಥಿರ ಪಟ್ಟಿ. ಅದರ 35ರಿಂದ 37ನೆಯ ಸ್ಥಾನದಲ್ಲಿ ಭಾಷೆಯ ಸಂಕೇತ. ದಾಖಲೆ ತುಂಬುವ ನಮ್ಮ ಟೆಂಪ್ಲೇಟಿನಲ್ಲಿ ಆ ಜಾಗಕ್ಕೆ ಇಂಗ್ಲಿಷಿನ ಸಂಕೇತ ತಾನಾಗಿಯೇ ಬಂದು ಕೂರುತ್ತಿತ್ತು, ಯಾರೂ ಬದಲಿಸುತ್ತಿರಲಿಲ್ಲ. ಹಳೆಯ ಓಪ್ಯಾಕಿನ ಪರದೆಯಲ್ಲಿ ಅದು ಕಾಣುತ್ತಲೇ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆ ಟೆಂಪ್ಲೇಟ್ ಮಾಡಿದವಳು ನಾನೇ.

ನನ್ನ ಪ್ರಶ್ನೆ ಎರಡು. ನಿಮ್ಮಲ್ಲಿ ಹಳೆಯದನ್ನು ಎಷ್ಟು ದಿನ ಉಳಿಸಿಕೊಂಡಿರಿ? ದಾಖಲೆಗಳನ್ನು ಮೊದಲು ಸರಿಪಡಿಸಿ ಆಮೇಲೆ ಹೊಸದಕ್ಕೆ ಹೋದಿರೋ, ಅಥವಾ ಹೋಗಿಬಿಟ್ಟು ಆಮೇಲೆ ತೇಪೆ ಹಾಕಿದಿರೋ?

ಸರ್ವರ್ ಕೋಣೆ

ಮೊದಲನೆಯ ಪ್ರಸಂಗಕ್ಕೆ ಮದ್ದಿದೆ, ಅದು ಕಷ್ಟದ್ದೇನಲ್ಲ. ಎರಡನೆಯದಕ್ಕೂ ಇದೆ, ಆದರೆ ನಿಮಗೆ ರುಚಿಸಲಿಕ್ಕಿಲ್ಲ.

ಹೊಸ ಸಾಧನ ನಿಮ್ಮ ಕ್ಯಾಟಲಾಗನ್ನು ನೇರವಾಗಿ ಓದುವುದಿಲ್ಲ. ರಾತ್ರಿಯೋ ಗಂಟೆಗೊಮ್ಮೆಯೋ ದಾಖಲೆಗಳನ್ನು ಎಳೆದುಕೊಂಡು ತನ್ನದೇ ಸೂಚ್ಯಂಕ ಕಟ್ಟಿಕೊಳ್ಳುತ್ತದೆ. ಓದುಗ ಹುಡುಕುವುದು ಆ ನಕಲಿನಲ್ಲಿ. ಲೇಖನಗಳು ಬರುವುದು ಇನ್ನೊಂದು ಮಹಾ ಸೂಚ್ಯಂಕದಿಂದ, ಅದರಲ್ಲಿ ಕೋಟಿಗಟ್ಟಲೆ ದಾಖಲೆಗಳಿರುತ್ತವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ನಿಮ್ಮ ಪುಸ್ತಕಗಳು ಸಂತೆಯಲ್ಲಿ ಕೈಬಿಟ್ಟ ಮಕ್ಕಳಂತಾಗುತ್ತವೆ. ಬೆರೆಸಬೇಡಿ. ಪುಸ್ತಕಗಳಿಗೊಂದು ಅಂಕಣ, ಲೇಖನಗಳಿಗೊಂದು ಅಂಕಣ ಮಾಡಿ ಅಕ್ಕಪಕ್ಕ ಇಡಿ. ಬೆಂಟೋ ಎನ್ನುತ್ತಾರಲ್ಲ, ಜಪಾನಿನ ಊಟದ ಡಬ್ಬಿಯಂತೆ ಖಾನೆ ಖಾನೆಯಾಗಿ, ಅದೇ. ಜೊತೆಗೆ ಶೀರ್ಷಿಕೆಯ ಕ್ಷೇತ್ರಕ್ಕೆ ಹೆಚ್ಚು ತೂಕ ಕೊಡಿ, ಓದುಗ ಬರೆದ ಪದಗಳು ಶೀರ್ಷಿಕೆಗೆ ಪೂರ್ತಿಯಾಗಿ ಹೊಂದಿದರೆ ಇನ್ನೂ ಹೆಚ್ಚು. ವುಫೈಂಡ್, ಬ್ಲ್ಯಾಕ್‌ಲೈಟ್‌ನಂತೆ ಸೋಲರ್ ಎಂಬ ಹುಡುಕು ಯಂತ್ರದ ಮೇಲೆ ನಿಂತ ಮುಕ್ತ ತಂತ್ರಾಂಶಗಳಲ್ಲಿ ಈ ತೂಕ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಚಂದಾ ಕಟ್ಟಿ ಪಡೆಯುವ ಸೇವೆಯಾದರೆ ಒಂದಷ್ಟು ಗುಂಡಿಗಳನ್ನು ತಿರುಗಿಸಲು ಬಿಡುತ್ತಾರೆ, ಉಳಿದದ್ದು ಅವರ ಗುಟ್ಟು.

ಇನ್ನು ಕನ್ನಡ. ನೀವು ಭಾಷಾ ಸಂಕೇತದ ಬಗ್ಗೆ ಕೊರಗುತ್ತಿದ್ದೀರಿ, ಅದು ಒಂದು ರಾತ್ರಿಯಲ್ಲಿ ಸರಿಹೋಗುವ ತಪ್ಪು. ಅದಕ್ಕಿಂತ ಕೆಟ್ಟದ್ದು ಒಳಗೆ ಅವಿತಿದೆ. ಒಂದು ಪರೀಕ್ಷೆ ಮಾಡಿ ನೋಡಿ. ದಾಖಲೆಯಿಂದ ಶೀರ್ಷಿಕೆಯನ್ನು ನಕಲು ಮಾಡಿ ಪೆಟ್ಟಿಗೆಗೆ ಅಂಟಿಸಿ ಹುಡುಕಿ. ಆಮೇಲೆ ಅದೇ ಶೀರ್ಷಿಕೆಯನ್ನು ಕೈಯಾರೆ ಬೆರಳಚ್ಚು ಮಾಡಿ ಹುಡುಕಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ, ಕಣ್ಣಿಗೆ ಕಾಣದ್ದೇನೋ ಅಲ್ಲಿದೆ ಎಂದರ್ಥ.

ನನಗೆ ಸಿಕ್ಕ ಮಾದರಿಗಳನ್ನು ಹೇಳುತ್ತೇನೆ. "ರ‍್ಯಾಂಕ್" ಎಂದು ಸರಿಯಾಗಿ ಕಾಣಬೇಕಾದರೆ ರಕಾರದ ಪಕ್ಕ ಅಗೋಚರವಾದ ಒಂದು ಜೋಡಕ ಅಕ್ಷರ ಇರಬೇಕು. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕದೆ "ರ್ಯಾಂಕ್" ಎಂದು ಬಿಟ್ಟಿರುತ್ತಾರೆ. "ಸಾಫ್ಟ್‌ವೇರ್" ಪದದ ನಡುವೆ ಒಂದು ಅಗೋಚರ ತಡೆಗೋಡೆ ಇರುತ್ತದೆ, ಅದಿಲ್ಲದಿದ್ದರೆ "ಸಾಫ್ಟ್ವೇರ್" ಆಗುತ್ತದೆ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಸ್ವರಚಿಹ್ನೆಗಳದ್ದು ಮತ್ತೊಂದು ಕಥೆ. ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಅಕ್ಷರವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ. ಇಷ್ಟನ್ನೆಲ್ಲ ಸೂಚ್ಯಂಕ ಕಟ್ಟುವಾಗ ಸಮರೂಪಗೊಳಿಸುವ ಸೋಸಣಿಗೆಯೊಂದು ನುಂಗಿಕೊಳ್ಳುತ್ತದೆ. ಅದನ್ನು ಚಾಲೂ ಮಾಡಿದ್ದಾರೆಯೇ ಎಂದು ನಿಮ್ಮ ತಂತ್ರಜ್ಞರನ್ನು ಕೇಳಿ. ಮಾಡಿರುವುದಿಲ್ಲ.

ಆ ಸೋಸಣಿಗೆಗೂ ಸಿಗದ ಕಳ್ಳನೊಬ್ಬನಿದ್ದಾನೆ. ಈ ಎರಡು ಪದಗಳನ್ನು ನೋಡಿ: ಪಂಪ, ಪ೦ಪ. ವ್ಯತ್ಯಾಸ ಕಂಡಿತೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಬೆರಳಚ್ಚು ಮಾಡಿದವರಿಗೆ ದುಂಡಗಿನದೊಂದು ಬೇಕಿತ್ತು, ಸಿಕ್ಕಿತು, ಒತ್ತಿದರು. ನಮ್ಮಲ್ಲಿ ಇಂಥ ದಾಖಲೆಗಳು ಸಾವಿರಗಟ್ಟಲೆ ಸಿಕ್ಕವು. ಎರಡು ಕನ್ನಡ ಅಕ್ಷರಗಳ ನಡುವೆ ಒಂಟಿ ಸೊನ್ನೆ ಕಂಡರೆ ಅದು ಅನುಸ್ವಾರವೇ ಎಂಬ ನಿಯಮ ಬರೆದು ಒಟ್ಟಿಗೇ ಬದಲಿಸಿದೆವು.

ವಿಭಕ್ತಿ ಪ್ರತ್ಯಯದ ಬಗ್ಗೆಯೂ ಒಂದು ಮಾತು. "ಜಾನಪದ" ಎಂದು ಹುಡುಕಿದರೆ "ಜಾನಪದದ", "ಜಾನಪದದಲ್ಲಿ" ಎಂಬ ಪದಗಳಿರುವ ಶೀರ್ಷಿಕೆ ಬರಬೇಕಲ್ಲವೇ? ಇಂಗ್ಲಿಷಿಗೆ ಪದದ ಬಾಲ ಕತ್ತರಿಸುವ ಯಂತ್ರ ಸಿದ್ಧವಿತ್ತು, ಕನ್ನಡಕ್ಕೆ ನಮ್ಮ ವ್ಯವಸ್ಥೆಯಲ್ಲಿ ಇರಲಿಲ್ಲ. ಪದದ ಆರಂಭದ ಅಕ್ಷರಗಳನ್ನು ಮಾತ್ರ ಹೋಲಿಸುವ ಅಡ್ಡದಾರಿ ಹಿಡಿದೆವು. ಜಾನಪದ ಸರಿಹೋಯಿತು. ಆದರೆ "ಮರ" ಎಂದು ಹುಡುಕಿದ ಅರಣ್ಯಶಾಸ್ತ್ರದವರಿಗೆ "ಮರಣ"ದ ಪುಸ್ತಕಗಳೂ ಬಂದವು. ಇನ್ನು "ಕಾಡು" ಎಂದರೆ "ಕಾಡಿನ" ಬರುವುದೇ ಇಲ್ಲ, ಏಕೆಂದರೆ ಉಕಾರ ಹೋಗಿ ಇಕಾರ ಬಂದಿರುತ್ತದೆ. ಈಗಲೂ ಹಾಗೆಯೇ ಇದೆ. ಅರಣ್ಯಶಾಸ್ತ್ರದವರು ಒಳ್ಳೆಯವರು, ನಗುತ್ತಾರೆ.

ಹೆಸರಿಲ್ಲದ ಓದುಗ

ಗೂಗಲ್ ಇರುವಾಗ ಇಷ್ಟೆಲ್ಲ ಏಕೆ?

ಮೂರನೇ ಮಹಡಿ

ನಿಮಗೆ ಬೇಕಾದ ಪುಸ್ತಕ ನಮ್ಮ ಯಾವ ಕಪಾಟಿನಲ್ಲಿದೆ, ಈಗ ಯಾರ ಕೈಯಲ್ಲಿದೆ, ಯಾವಾಗ ಹಿಂದಿರುಗುತ್ತದೆ ಎಂಬುದು ಗೂಗಲ್‌ಗೆ ಗೊತ್ತಿಲ್ಲ. ಅದಕ್ಕೆ.

ಸರ್ವರ್ ಕೋಣೆಯವರೇ, ಆ ಎರಡು ಪದಗಳನ್ನು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದೆ. ಆಮೇಲೆ ನಮ್ಮ ದಾಖಲೆಗಳಲ್ಲಿ ಸೊನ್ನೆಯನ್ನು ಹುಡುಕಿದೆ. ಊಟಕ್ಕೆ ಹೋಗುವ ಮನಸ್ಸಾಗಲಿಲ್ಲ.

ಐದನೇ ವರ್ಷದ ಪಿಎಚ್‌ಡಿ

ನಾನು ಗ್ರಂಥಾಲಯದವಳಲ್ಲ, ಗ್ರಂಥಾಲಯದಲ್ಲೇ ಬದುಕುವವಳು. ಬಳಸುವವರ ಕಡೆಯಿಂದ ನಾಲ್ಕು ಮಾತು.

ಲೇಖನ ಹುಡುಕಲು ನಾನು ನಿಮ್ಮ ಹೊಸ ಪೆಟ್ಟಿಗೆಯನ್ನು ಬಳಸುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಸಿಕ್ಕಿದ್ದನ್ನು ಗ್ರಂಥಾಲಯದ ಚಂದಾ ಮೂಲಕ ತೆರೆಯುತ್ತೇನೆ. ಗ್ರಂಥಾಲಯದ ಹುಡುಕಾಟಕ್ಕೆ ಬರುವುದು ಪುಸ್ತಕಕ್ಕಾಗಿ, ಅದರಲ್ಲೂ ಹಳೆಯ ಪುಸ್ತಕಕ್ಕಾಗಿ. ಹಳೆಯ ಓಪ್ಯಾಕ್‌ನಲ್ಲಿ ನಾನು ಅತಿ ಹೆಚ್ಚು ಬಳಸಿದ್ದು ಕಾಲ್ ನಂಬರ್ ಪ್ರಕಾರ ಅಕ್ಕಪಕ್ಕದ ಪುಸ್ತಕಗಳನ್ನು ತೋರಿಸುವ ಆ ಸಣ್ಣ ಕೊಂಡಿಯನ್ನು. ಕಪಾಟಿನ ಎದುರು ನಿಂತು ಬೆನ್ನಟ್ಟೆಗಳ ಮೇಲೆ ಕಣ್ಣಾಡಿಸಿದಂತೆ ಅದು. ನಮ್ಮಲ್ಲಿ ಹೊಸ ಸಾಧನ ಬಂದಾಗ ಅದು ಮಾಯವಾಯಿತು. ಕೇಳಿದರೆ, "ಅದನ್ನು ಯಾರು ಬಳಸುತ್ತಾರೆ?" ಎಂದರು. ಎದುರು ನಿಂತವಳನ್ನೇ ಕೇಳಿದ ಪ್ರಶ್ನೆ ಅದು.

ಹೊಸದನ್ನು ಪೂರ್ತಿ ತೆಗಳಲಾರೆ. ವರ್ಷದ ಸೋಸುಪಟ್ಟಿಯಿಂದ ನನಗೆ ಲಾಭವಾಗಿದೆ. ಒಮ್ಮೆ ಪುಸ್ತಕಗಳನ್ನು ಹಳೆಯ ಇಸವಿಯಿಂದ ಹೊಸ ಇಸವಿಗೆ ಜೋಡಿಸಿ ನೋಡುತ್ತಿದ್ದಾಗ 1893ರ ಒಂದು ಪುಸ್ತಕ ಕಂಡಿತು. ನನ್ನ ವಿಷಯದಲ್ಲಿ ಅಷ್ಟು ಹಳೆಯ ಮುದ್ರಣ ಇರುವ ಸಾಧ್ಯತೆಯೇ ಇಲ್ಲ! ಎದೆ ಹಾರಿತು. ಮೆಟ್ಟಿಲು ಓಡುತ್ತಾ ಹತ್ತಿ ಹೋಗಿ ತೆಗೆದು ನೋಡಿದರೆ, ಮುಖಪುಟದ ಹಿಂಬದಿಯಲ್ಲಿ "ಶಕ 1893" ಎಂದಿದೆ. ಎಪ್ಪತ್ತೆಂಟು ಕೂಡಿಸಿ, 1971. ಯಾರೋ ಶಕವರ್ಷವನ್ನು ಹಾಗೆಯೇ ಇಸವಿಯ ಕ್ಷೇತ್ರಕ್ಕೆ ಇಳಿಸಿಬಿಟ್ಟಿದ್ದರು. ಪುಸ್ತಕ ಮಾತ್ರ ಚೆನ್ನಾಗಿತ್ತು, ನನ್ನ ಮೂರನೆಯ ಅಧ್ಯಾಯದಲ್ಲಿ ಅದಕ್ಕೊಂದು ಜಾಗ ಸಿಕ್ಕಿದೆ. ತಪ್ಪು ದಾಖಲೆಯಿಂದ ಉಪಕಾರವಾದದ್ದು ಇದೊಂದೇ ಸಲ.

ಒಂದು ಬೇಡಿಕೆ. ಹಳೆಯದನ್ನು ಮುಚ್ಚುವಾಗ ಹಳೆಯ ಕೊಂಡಿಗಳನ್ನು ಕೊಲ್ಲಬೇಡಿ. ನನ್ನ ಟಿಪ್ಪಣಿಗಳಲ್ಲಿ ನೂರಾರು ದಾಖಲೆಗಳ ವಿಳಾಸಗಳಿವೆ. ಅಧ್ಯಾಪಕರು ಹಂಚಿದ ಓದುಪಟ್ಟಿಗಳಲ್ಲಿ ಇನ್ನೂ ಹೆಚ್ಚು. ಹಳೆಯ ವಿಳಾಸದಲ್ಲಿ ದಾಖಲೆಯ ಸಂಖ್ಯೆ ಇದ್ದೇ ಇರುತ್ತದೆ, ಅದನ್ನು ಹಿಡಿದು ಹೊಸದರ ಅದೇ ದಾಖಲೆಗೆ ತಿರುಗಿಸಿದರೆ ಆಯಿತು. ನಮ್ಮಲ್ಲಿ ಮಾಡಲಿಲ್ಲ. ಈಗ ಒಂದೊಂದು ಕೊಂಡಿ ಒತ್ತಿದಾಗಲೂ ಗ್ರಂಥಾಲಯದ ಮುಖಪುಟ ತೆರೆದುಕೊಂಡು ನನಗೆ ಸ್ವಾಗತ ಕೋರುತ್ತದೆ.

ಪರಾಮರ್ಶನ ಮೇಜು

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಒಂದು ಪೂರ್ಣ ಶೈಕ್ಷಣಿಕ ವರ್ಷ. ಅದಕ್ಕಿಂತ ಕಡಿಮೆ ಬೇಡ, ಹೆಚ್ಚೂ ಬೇಡ.

ಕಡಿಮೆ ಏಕೆ ಬೇಡವೆಂದರೆ, ಒಂದು ವರ್ಷದಲ್ಲಿ ಗ್ರಂಥಾಲಯಕ್ಕೆ ನಾಲ್ಕು ಬಗೆಯ ಜನ ನಾಲ್ಕು ಕಾಲದಲ್ಲಿ ಬರುತ್ತಾರೆ. ಪ್ರವೇಶದ ಹೊತ್ತಿನ ಹೊಸಬರು, ಪರೀಕ್ಷೆಯ ಹಿಂದಿನ ತಿಂಗಳಿನವರು, ಪ್ರಬಂಧ ಸಲ್ಲಿಸುವ ಗಡುವಿನವರು, ರಜೆಯಲ್ಲಿ ಮಾತ್ರ ಮುಖ ತೋರಿಸುವ ಅಧ್ಯಾಪಕರು. ಮೂರು ವಾರದ ಪ್ರಯೋಗದಲ್ಲಿ ನೀವು ಇವರಲ್ಲಿ ಒಂದು ಬಗೆಯವರನ್ನು ನೋಡಿರುತ್ತೀರಿ.

ಹೆಚ್ಚು ಏಕೆ ಬೇಡವೆಂದರೆ, ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ನಮಗೂ ಬರುತ್ತದೆ. ಪ್ರತಿ ತಪ್ಪಿಗೂ "ಹಳೆಯದರಲ್ಲಿ ನೋಡಿ" ಎನ್ನುವ ಅಭ್ಯಾಸವಾದರೆ ಹೊಸದರ ತಪ್ಪನ್ನು ತಿದ್ದುವವರೇ ಇರುವುದಿಲ್ಲ. ಕಾರ್ಡು ಪೆಟ್ಟಿಗೆಗಳಿಂದ ಕಂಪ್ಯೂಟರಿಗೆ ಬಂದಾಗಲೂ ನಾನು ಈ ಮೇಜಿನಲ್ಲೇ ಇದ್ದೆ. ಪೆಟ್ಟಿಗೆಗಳನ್ನು "ಸದ್ಯಕ್ಕೆ ಇರಲಿ" ಎಂದು ಉಳಿಸಿಕೊಂಡೆವು. ಎಷ್ಟೋ ವರ್ಷ ಉಳಿದವು. ಕೊನೆಕೊನೆಗೆ ಅವುಗಳ ಮೇಲೆ ಕುಡಿಯುವ ನೀರಿನ ಕ್ಯಾನ್ ಇಡುತ್ತಿದ್ದರು. ಒಬ್ಬ ಹಿರಿಯ ಪ್ರಾಧ್ಯಾಪಕರು ಮಾತ್ರ ಕ್ಯಾನ್ ಸರಿಸಿ ಕಾರ್ಡು ನೋಡುತ್ತಿದ್ದರು. ಅವರಿಗೆ ಬೇಕಾದ ಒಂದು ಟಿಪ್ಪಣಿ ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿತ್ತು, ಕಂಪ್ಯೂಟರಿಗೆ ಇಳಿದಿರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಲು ನನಗೆ ಅಷ್ಟು ವರ್ಷ ಬೇಕಾಯಿತು. ನಿಮ್ಮ ಪೆನ್ಸಿಲ್ ಟಿಪ್ಪಣಿ ಯಾವುದು ಎಂದು ಈ ಒಂದು ವರ್ಷದಲ್ಲಿ ಹುಡುಕಿಕೊಳ್ಳಿ. ಐದನೇ ವರ್ಷದವರು ಹೇಳಿದ ಅಕ್ಕಪಕ್ಕದ ಕೊಂಡಿ ಅಂಥದ್ದೊಂದು.

ಹುಡುಕಿಕೊಳ್ಳುವುದು ಹೇಗೆ? ಅಭಿಪ್ರಾಯ ಸಂಗ್ರಹದ ಅರ್ಜಿ ಹಂಚಬೇಡಿ, "ಚೆನ್ನಾಗಿದೆ" ಎಂದು ಬರೆದುಕೊಟ್ಟು ಹೋಗುತ್ತಾರೆ. ಓದುಗರು ಏನು ಹುಡುಕಿದರು ಎಂಬ ದಾಖಲೆ ಸರ್ವರ್‌ನಲ್ಲಿ ಇರುತ್ತದೆ. ಯಾರು ಹುಡುಕಿದರು ಎಂಬುದನ್ನು ಅಳಿಸಿ, ಬರೀ ಪದಗಳನ್ನು ತರಿಸಿಕೊಳ್ಳಿ. ಅದರಲ್ಲಿ ಒಂದೂ ಫಲಿತಾಂಶ ಬರದ ಹುಡುಕಾಟಗಳನ್ನು ಬೇರೆ ಮಾಡಿ. ಆ ಸೊನ್ನೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ಚಹಾ ಕುಡಿಯುತ್ತಾ ಓದಿ. ಅರ್ಧ ಕಾಗುಣಿತದ ತಪ್ಪು. ಕಾಲು ಭಾಗ ನಮ್ಮಲ್ಲಿ ನಿಜವಾಗಿ ಇಲ್ಲದ ಪುಸ್ತಕಗಳು, ಅದು ಖರೀದಿ ವಿಭಾಗಕ್ಕೆ. ಉಳಿದ ಕಾಲು ಭಾಗ ನಮ್ಮಲ್ಲಿ ಇದ್ದೂ ಸಿಗದವು. ಅಲ್ಲಿದೆ ನಿಮ್ಮ ಕೆಲಸ.

ಎರಡನೆಯ ಪ್ರಶ್ನೆ, ಮೊದಲು ಸರಿಪಡಿಸುವುದೋ ಆಮೇಲೋ. ಮೊದಲು ಸರಿಪಡಿಸುತ್ತೇವೆ ಎಂದವರು ಯಾರೂ ಹೊಸದಕ್ಕೆ ಹೋಗಿದ್ದನ್ನು ನಾನು ನೋಡಿಲ್ಲ. ಮಾರ್ಕ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಇನ್ನೂ ಎಲ್ಲೆಲ್ಲೂ ಕಾರ್ಡುಗಳೇ ಇದ್ದ ಕಾಲದಲ್ಲಿ. ಕಾರ್ಡಿನ ಮೇಲೆ ಅಚ್ಚಾಗುವುದನ್ನು ಮಾತ್ರ ಎಚ್ಚರದಿಂದ ತುಂಬುವುದು, ಒಳಗಿನ ಸಂಕೇತಗಳನ್ನು ಹೇಗೋ ತುಂಬುವುದು ಎಂಬುದು ಅಂದಿನಿಂದ ಬಂದ ರೂಢಿ. ಆ ಸಂಕೇತಗಳನ್ನು ಓದುಗರ ಕಣ್ಣೆದುರು ತಂದದ್ದು ಸೋಸುಪಟ್ಟಿಗಳು. 2006ರ ಜನವರಿಯಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂಥ ಸೋಸುಪಟ್ಟಿಯ ಕ್ಯಾಟಲಾಗನ್ನು ಹೊರತಂದಾಗ ಎಲ್ಲರೂ ಅತ್ತ ನೋಡಿದರು. ಆಮೇಲೆ ತಮ್ಮ ತಮ್ಮ ದಾಖಲೆಗಳತ್ತ ನೋಡಿಕೊಂಡರು. ನೀವು ಈಗ ನೋಡಿಕೊಳ್ಳುತ್ತಿದ್ದೀರಿ. ಟೆಂಪ್ಲೇಟ್ ಮಾಡಿದವಳು ನಾನೇ ಎಂದಿರಲ್ಲ, ನಮ್ಮ ಟೆಂಪ್ಲೇಟ್ ಮಾಡಿದವನೂ ಈ ಚರ್ಚೆಯಲ್ಲಿದ್ದಾನೆ, ಈ ಮೇಜಿನ ಹಿಂದೆಯೇ ಕುಳಿತಿದ್ದಾನೆ.

ಇನ್ನೊಂದು ದಾರಿಯೂ ಇದೆ ಎನ್ನುವುದು ಸಮಿತಿಗೆ ಗೊತ್ತಿರಲಿ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಗ್ರಂಥಾಲಯವು ತಾನೇ ಕಟ್ಟಿ ನಡೆಸುತ್ತಿದ್ದ ಲೇಖನ ಹುಡುಕುವ ಸಾಧನವನ್ನು ನಿಲ್ಲಿಸಿ, ಅದರ ಬದಲು ಹೊಸದನ್ನು ಕೊಳ್ಳುವುದೂ ಬೇಡ ಎಂದು ನಿರ್ಧರಿಸಿತು. ಓದುಗರು ಹೇಗೂ ಹೊರಗೇ ಹುಡುಕುತ್ತಾರೆ, ಸಿಕ್ಕಿದ್ದನ್ನು ತಲುಪಿಸುವುದರ ಮೇಲೆ ನಾವು ಗಮನ ಕೊಡೋಣ ಎಂಬ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕನ್ನಡ ಪುಸ್ತಕ ಹೊರಗೆ ಹುಡುಕಿದರೆ ಸಿಗುವುದು ಕಡಿಮೆ. ನಮ್ಮ ಸೂಚಿ ಬಿಟ್ಟರೆ ಅವುಗಳಿಗೆ ಬೇರೆ ಗತಿಯಿಲ್ಲ.

ಮೂರನೇ ಮಹಡಿ (ಎರಡು ತಿಂಗಳ ನಂತರ)

ಎಲ್ಲರಿಗೂ ಬಿಡಿಬಿಡಿಯಾಗಿ ಧನ್ಯವಾದ ಹೇಳಬೇಕಿತ್ತು, ತಡವಾಯಿತು. ಏನಾಯಿತೆಂದು ಹೇಳುತ್ತೇನೆ.

ಸಮಿತಿಯ ಮುಂದೆ ವಾದ ಮಾಡಲಿಲ್ಲ. ಆ ಹುಡುಗಿಯ ಎರಡು ಪದಗಳನ್ನು ಅಧ್ಯಕ್ಷರ ಕೈಯಲ್ಲೇ ಬೆರಳಚ್ಚು ಮಾಡಿಸಿ, "ಈ ಪುಸ್ತಕ ನಮ್ಮಲ್ಲಿದೆಯೇ, ಹೇಳಿ" ಎಂದೆ. ಎರಡನೆಯ ಪುಟದ ಹೊತ್ತಿಗೆ ಅವರೂ ಚೀಲ ಹೆಗಲಿಗೇರಿಸುವ ಮುಖ ಮಾಡಿದರು. ಪುಸ್ತಕ, ಲೇಖನ ಬೇರೆ ಬೇರೆ ಅಂಕಣಗಳಾದವು. ಹಳೆಯ ಓಪ್ಯಾಕ್ ಒಂದು ವರ್ಷ ಇರುತ್ತದೆ, ಮುಖಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ. ಹಳೆಯ ಕೊಂಡಿಗಳು ಹೊಸದಕ್ಕೆ ತಿರುಗುವ ಏರ್ಪಾಟೂ ಆಗಿದೆ. ಅಕ್ಕಪಕ್ಕದ ಪುಸ್ತಕ ತೋರಿಸುವ ಸೌಲಭ್ಯ ಹೊಸದರಲ್ಲೂ ಇತ್ತು, ಯಾರೋ ಅದನ್ನು ಮುಚ್ಚಿಟ್ಟಿದ್ದರು ಅಷ್ಟೇ. ಐದನೇ ವರ್ಷದವರೇ, ನಿಮ್ಮಲ್ಲೂ ಒಮ್ಮೆ ಕೇಳಿನೋಡಿ.

ಸೊನ್ನೆಗಳ ಪಟ್ಟಿ ಓದತೊಡಗಿದ್ದೇನೆ. ಮೊದಲ ವಾರವೇ "ಪಂಪಭಾರತ" ಸಿಕ್ಕಿತು. ಯಾರೋ ಒಂದೇ ದಿನ ನಾಲ್ಕು ಸಲ ಬರೆದು ಹುಡುಕಿದ್ದಾರೆ: ಒಂದೇ ಪದವಾಗಿ, ಎರಡು ಪದವಾಗಿ, ಮತ್ತೆ ಒಂದೇ ಪದವಾಗಿ, ಕೊನೆಗೆ ಬರೀ "ಪಂಪ" ಎಂದು. ನಾಲ್ಕಕ್ಕೂ ಏನೂ ಬಂದಿಲ್ಲ. ನಮ್ಮಲ್ಲಿ ಮೂರು ಆವೃತ್ತಿಗಳಿವೆ, ಮೂರೂ "ವಿಕ್ರಮಾರ್ಜುನ ವಿಜಯಂ" ಎಂಬ ಹೆಸರಿನಲ್ಲಿ. ಅದೇ ಕೃತಿಯ ಇನ್ನೊಂದು ಹೆಸರನ್ನು ದಾಖಲೆಗೆ ಸೇರಿಸಿರಲಿಲ್ಲ. ಸರಿ, "ಪಂಪ" ಎಂದಾದರೂ ಬರಬೇಕಿತ್ತಲ್ಲ ಎಂದು ಕರ್ತೃವಿನ ಕ್ಷೇತ್ರ ತೆರೆದೆ. ಪ, ಸೊನ್ನೆ, ಪ.

"ಅಂಬಿಕಾತನಯದತ್ತ" ಎಂದು ಹುಡುಕಿದವರಿಗೂ ಸೊನ್ನೆ. ಬೇಂದ್ರೆಯವರ ಕಾವ್ಯನಾಮವನ್ನು ನಾನು, ಒಬ್ಬರ ಬೇರೆ ಬೇರೆ ಹೆಸರುಗಳನ್ನು ಜೋಡಿಸಿಡುವ ಅಧಿಕೃತ ಕಡತದಲ್ಲಿ ವರ್ಷಗಳ ಹಿಂದೆಯೇ ಸೇರಿಸಿದ್ದೆ. ಹಳೆಯ ಓಪ್ಯಾಕ್ ಆ ಕಡತ ನೋಡುತ್ತಿತ್ತು, ಹೊಸದು ಅದನ್ನು ಎಳೆದುಕೊಂಡೇ ಇರಲಿಲ್ಲ. ಈ ಒಂದು ತಪ್ಪು ನನ್ನದಲ್ಲ ಎಂದು ಗೊತ್ತಾದ ದಿನ ಮನೆಗೆ ಸ್ವಲ್ಪ ಬೇಗ ಹೋದೆ.

ಭಾಷಾ ಸಂಕೇತದ ಕಥೆ ಮಾತ್ರ ಸರ್ವರ್ ಕೋಣೆಯವರು ಹೇಳಿದಂತೆ ಒಂದು ರಾತ್ರಿಯಲ್ಲಿ ಮುಗಿಯಲಿಲ್ಲ. ಶೀರ್ಷಿಕೆಯಲ್ಲಿ ಕನ್ನಡ ಅಕ್ಷರಗಳಿದ್ದರೆ ಸಂಕೇತವನ್ನು ಕನ್ನಡ ಎಂದು ಬದಲಿಸು, ಇದು ನಾವು ಬರೆದ ನಿಯಮ. ರಾತ್ರಿ ಓಡಿಸಿದೆವು. ಬೆಳಿಗ್ಗೆ ಕನ್ನಡದ ಮುಂದಿನ ಅಂಕಿ ಗಟ್ಟಿಯಾಗಿ ಏರಿತ್ತು, ಎಲ್ಲರೂ ಬೆನ್ನು ತಟ್ಟಿಕೊಂಡೆವು. ಹನ್ನೊಂದು ಗಂಟೆಗೆ ಸಂಸ್ಕೃತ ವಿಭಾಗದಿಂದ ಒಬ್ಬರು ಬಂದರು. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಗ್ರಂಥಗಳೆಲ್ಲ ಕನ್ನಡವಾಗಿಬಿಟ್ಟಿದ್ದವು. ಕೊಂಕಣಿಯೂ ಹಾಗೆಯೇ. ತುಳು, ಕೊಡವ ಪುಸ್ತಕಗಳೂ.

ಲಿಪಿ ಬೇರೆ, ಭಾಷೆ ಬೇರೆ ಎಂಬುದನ್ನು ನಾನು ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಆ ರಾತ್ರಿ ನನಗೆ ಯಾರೂ ಹೇಳಲಿಲ್ಲ.

ಸಂಸ್ಕೃತಕ್ಕೆ, ಕೊಂಕಣಿಗೆ ಮಾರ್ಕ್‌ನಲ್ಲಿ ಸ್ವಂತ ಸಂಕೇತಗಳಿವೆ. ತುಳುವಿಗೆ ಇಲ್ಲ. "ಇತರ ದ್ರಾವಿಡ" ಎಂಬ ಸಾಮೂಹಿಕ ಸಂಕೇತದಡಿ ಅದನ್ನೂ ಕೊಡವವನ್ನೂ ಒಟ್ಟಿಗೆ ತುರುಕಿದ್ದಾರೆ. ಸೋಸುಪಟ್ಟಿಯಲ್ಲಿ ತುಳು ಎಂದು ಹೆಸರು ಕಾಣಬೇಕಾದರೆ 041 ಎಂಬ ಬೇರೆ ಕ್ಷೇತ್ರದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್ಒ) ಭಾಷಾ ಪಟ್ಟಿಯ ಮೂರಕ್ಷರದ ಸಂಕೇತ ಹಾಕಿ, ಸಾಧನಕ್ಕೆ ಅದನ್ನೂ ಓದಲು ಹೇಳಬೇಕು. ಹೇಳಿದ್ದೇವೆ. ಆದರೆ ಯಾವುದು ತುಳು, ಯಾವುದು ಕನ್ನಡ ಎಂದು ಯಂತ್ರಕ್ಕೆ ಹೇಳುವವರು ಯಾರು? ಟ್ರಾಲಿ ತೆಗೆದುಕೊಂಡು ಕಪಾಟಿಗೆ ಹೋಗಿ, ಒಂದೊಂದೇ ಪುಸ್ತಕ ತೆರೆದು, ಎರಡು ಸಾಲು ಓದಿ, ಚೀಟಿ ಅಂಟಿಸುತ್ತಿದ್ದೇನೆ. ನನ್ನ ಸಹಾಯಕ ತುಳು ಮಾತನಾಡುವವನು. ಅರ್ಧ ಕೆಲಸ, ಅರ್ಧ ಓದು. ಅವನು ನಡುನಡುವೆ ಗಟ್ಟಿಯಾಗಿ ನಗುತ್ತಾನೆ, ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ.

ನಿನ್ನೆ ಆ ಎಂ.ಎ. ಹುಡುಗಿ ಕಪಾಟಿನ ಸಾಲಿನಲ್ಲಿ ಎದುರಾದಳು. ಪುಸ್ತಕ ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿತ್ತಂತೆ, ಅವಳ ಗೆಳತಿಯ ಬಳಿ. "ಈಗ ಹುಡುಕಿದರೆ ಮೊದಲನೆಯದಾಗಿ ಬರುತ್ತದೆ" ಎಂದೆ. "ಹೌದಾ?" ಎಂದು, ನನ್ನ ಕೈಯಲ್ಲಿದ್ದ ಚೀಟಿಗಳನ್ನೇ ನೋಡುತ್ತಾ ನಿಂತಳು.

ತುಳುವಿನದು ಮುಗಿಯುತ್ತಾ ಬಂತು. ಸಂಸ್ಕೃತದ ನಾಲ್ಕು ಕಪಾಟು ಉಳಿದಿವೆ. ನಾಳೆ ಟ್ರಾಲಿ ಸಿಕ್ಕರೆ ಅಲ್ಲಿಂದ ಶುರು.